ಬದುವಿನ ಕೆಲಸ: ನುಡಿ–ಯೂನಿಕೋಡ್ ಮತ್ತು ಸಿ–ರಸ್ಟ್ ತಿಕ್ಕಾಟಗಳ ಒಂದು ತೌಲನಿಕ ನೋಟ

ನವಲಗುಂದ, ಅಣ್ಣಿಗೇರಿ, ಕುಂದಗೋಳದಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಕರಾರುಪತ್ರ, ಲಗ್ನಪತ್ರಿಕೆ, ತಹಶೀಲ್ದಾರರಿಗೆ ಕೊಡುವ ಅರ್ಜಿ ಬಹುಕಾಲ ‘ನುಡಿ’ ತಂತ್ರಾಂಶದ ಹಳೆಯ ಸಂಕೇತದಲ್ಲೇ ಬೆರಳಚ್ಚಾಗಿವೆ. ಮುದ್ರಿಸಿದ ಹಾಳೆ ಚೊಕ್ಕವಾಗಿರುತ್ತದೆ. ಅದೇ ಪಠ್ಯವನ್ನು ಜಾಲತಾಣದ ಖಾನೆಗೆ ಅಂಟಿಸಿದರೆ ಕನ್ನಡ ಕಾಣೆಯಾಗಿ ರೋಮನ್ ಅಕ್ಷರ, ಪೌಂಡ್ ಚಿಹ್ನೆಗಳ ಸಾಲು ಮೂಡುತ್ತದೆ. ಅಂಗಡಿಯವರು ಹಳೆಯದನ್ನೇ ಹಿಡಿದಿರುವುದೇಕೆ ಎಂದರೆ, ಹಳ್ಳಿಯ ಕಡೆಯವರು ಹೊಸದಕ್ಕೆ ಒಗ್ಗುವುದಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದಾಗ ಎದ್ದ ತಕರಾರಿನ ಪಕ್ಕದಲ್ಲಿಟ್ಟು ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

‘ಅರ್ಜಿ’ ಎಂಬ ಪದವನ್ನೇ ನೋಡೋಣ. ನುಡಿಯ ಹಳೆಯ ಸಂಕೇತದಲ್ಲಿ ಇದಕ್ಕೆ ಮೂರು ತುಂಡು: ‘ಅ’, ‘ಜಿ’, ಕೊನೆಗೆ ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮವೇ ಕಡತದ ಕ್ರಮ. ತುಂಡುಗಳು ಕೂತಿರುವುದು ರೋಮನ್ ಲಿಪಿಗೆ ಮೀಸಲಾದ ಮನೆಗಳಲ್ಲಿ. ಯೂನಿಕೋಡ್‌ನಲ್ಲಿ ಐದು ಸಂಕೇತ: ಅ, ರ, ಹಲಂತ, ಜ, ಗುಡಿಸು. ಇಲ್ಲಿ ಉಚ್ಚಾರದ ಕ್ರಮ. ಹೀಗಾಗಿ ಪರಿವರ್ತಕವು ಅರ್ಕಾವತ್ತನ್ನು ಹಿಡಿದು ‘ಜಿ’ ದಾಟಿಸಿ ಹಿಂದಕ್ಕೆ ಒಯ್ಯಬೇಕು. ‘ಮರ್ತ್ಯ’ದಂಥ ಪದದಲ್ಲಿ ಒತ್ತಕ್ಷರವನ್ನೂ ದಾಟಿಸಬೇಕು. ಇನ್ನೊಂದು ತಂತ್ರಾಂಶವಾದ ಶ್ರೀಲಿಪಿಯ ತುಂಡುಗಳ ಲೆಕ್ಕವೇ ಬೇರೆ, ಅದಕ್ಕೆ ಬೇರೆಯದೇ ಪಟ್ಟಿ ಬೇಕು.

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಮಾದರಿಯನ್ನು ಹೊತ್ತು ತಂದಿತು. ಆದರೆ ಪುಟವಿನ್ಯಾಸಕ್ಕೆ ಮುದ್ರಣಾಲಯಗಳು ನೆಚ್ಚಿದ್ದ ಪೇಜ್‌ಮೇಕರ್ ಅದೇ ವರ್ಷದ 7.0ಕ್ಕೆ ನಿಂತುಹೋಯಿತು, ಯೂನಿಕೋಡ್ ಕನ್ನಡವನ್ನು ಜೋಡಿಸಲು ಅದಕ್ಕೆ ಎಂದೂ ಬರಲಿಲ್ಲ. ಅಂಗಡಿಯವನು ಹಳೆಯದನ್ನು ಹಿಡಿದುಕೊಂಡದ್ದಕ್ಕೆ ಹಟಕ್ಕಿಂತ ಹೊಟ್ಟೆಪಾಡು ದೊಡ್ಡ ಕಾರಣ.

ಇನ್ನು ಲಿನಕ್ಸ್. ಅದೂ 1991ರಲ್ಲೇ ಹುಟ್ಟಿ ಸಿ ಭಾಷೆಯಲ್ಲಿ ಬೆಳೆಯಿತು. ಸಿ ಕೂಡ ಒಂದು ಕಾಲಕ್ಕೆ ಹೊಸಬನೇ: ಯುನಿಕ್ಸ್‌ನ ಕರ್ನಲ್ ಅಸೆಂಬ್ಲಿಯನ್ನು ಬಿಟ್ಟು ಸಿಗೆ ಬಂದದ್ದು 1973ರಲ್ಲಿ. ಸಿಯಲ್ಲಿ ಮೆಮೊರಿಯ ವ್ಯವಹಾರ ನಮ್ಮ ಕಡೆಯ ಬಾಯಿಮಾತಿನ ಹೊಲದ ಲಾವಣಿಯ ಹಾಗೆ. ಜಾಗ ಯಾರದು, ಸದ್ಯ ಯಾರು ಬಳಸುತ್ತಿದ್ದಾರೆ, ಯಾವಾಗ ಬಿಟ್ಟುಕೊಟ್ಟರು ಎಂಬುದೆಲ್ಲ ಬರೆಯುವವನ ತಲೆಯಲ್ಲಿ ಇರಬೇಕು. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿದರೂ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ತಡೆಯದೆ ಹೋಗಬಹುದು. ರಸ್ಟ್ ಪಹಣಿ ಕೇಳುತ್ತದೆ: ಪ್ರತಿ ಜಾಗಕ್ಕೂ ಒಬ್ಬ ಒಡೆಯ, ಎರವಲು ಪಡೆದವನಿಗೆ ನಿಗದಿಯಾದ ಅವಧಿ; ದಾಖಲೆ ಹೊಂದದಿದ್ದರೆ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ತನ್ನ ಉತ್ಪನ್ನಗಳ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ತಿಳಿಸಿದ್ದನ್ನು ನೆನೆದರೆ ಈ ಬಿಗಿಯ ಬೆಲೆ ಅರಿವಾಗುತ್ತದೆ.

2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1 ರಸ್ಟ್‌ಗೆ ಪ್ರಯೋಗದ ಮಟ್ಟದಲ್ಲಿ ಬಾಗಿಲು ತೆರೆಯಿತು. ಜಗಳ ಬೆಳೆದದ್ದು ಆಮೇಲೆ. 2024ರಲ್ಲಿ ರಸ್ಟ್ ತಂಡದ ವೆಡ್ಸನ್ ಅಲ್ಮೇಡಾ ಫಿಲ್ಹೊ, ತಾಂತ್ರಿಕವಲ್ಲದ ಕಿರಿಕಿರಿಗೆ ಬೇಸತ್ತು ಹೊಣೆ ಬಿಟ್ಟರು. 2025ರ ಆರಂಭದಲ್ಲಿ ಕರ್ನಲ್‌ನ ಡಿಎಂಎ (ಸಾಧನಗಳು ಮೆಮೊರಿಯನ್ನು ನೇರವಾಗಿ ಬಳಸುವ ವ್ಯವಸ್ಥೆ) ವಿಭಾಗದ ನಿರ್ವಾಹಕ ಕ್ರಿಸ್ಟಾಫ್ ಹೆಲ್ವಿಗ್, ಆ ವಿಭಾಗದ ಸಿ ಕೋಡನ್ನು ಬಳಸಲು ರಸ್ಟ್‌ನಲ್ಲಿ ಬರೆದ ಹೊಂದಿಕೆಯ ಪದರವನ್ನು ವಿರೋಧಿಸಿದರು. ರಸ್ಟ್ ಕೆಟ್ಟ ಭಾಷೆ ಎಂಬುದು ಅವರ ವಾದವಾಗಿರಲಿಲ್ಲ. ಎರಡು ಭಾಷೆಗಳ ಕರ್ನಲ್ ಅನ್ನು ನಿಭಾಯಿಸುವುದು ಅಸಾಧ್ಯವಾದೀತು ಎಂಬ ಆತಂಕವಿತ್ತು. ದಶಕಗಳ ಕಾಲ ಒಂದು ಹೊಲವನ್ನು ಉತ್ತವರ ಆತಂಕ ಅದು. ಅದನ್ನು ಹಗುರವಾಗಿ ಕಾಣುವುದು ತಪ್ಪು. ಆದರೂ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕೊಟ್ಟ ತೀರ್ಮಾನವೇ ಸರಿ ಎಂದು ನನಗನಿಸುತ್ತದೆ: ರಸ್ಟ್ ಬೇಡವೆನ್ನುವ ನಿರ್ವಾಹಕ ಅದನ್ನು ಮುಟ್ಟಬೇಕಿಲ್ಲ, ಆದರೆ ತನ್ನ ಕೋಡನ್ನು ರಸ್ಟ್‌ನಿಂದ ಬಳಸುವವರನ್ನು ತಡೆಯುವ ಹಕ್ಕು ಅವನಿಗಿಲ್ಲ. ಹೊಂದಿಕೆಯ ಪದರದ ದುರಸ್ತಿ ರಸ್ಟ್ ತಂಡದ ಪಾಲಿಗೆ ಬಂತು. 2025ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಸೇರಿದ ನಿರ್ವಾಹಕರು ಪ್ರಯೋಗದ ಹಂತ ಮುಗಿಯಿತೆಂದು ಒಪ್ಪಿದರು.

ಎರೆಹೊಲದ ಸೀಮೆಯಲ್ಲಿ ಇಬ್ಬರ ಹೊಲದ ನಡುವಿನ ಬದು ಮಳೆಗೆ ಕೊಚ್ಚಿಹೋದಾಗ ಮೊದಲು ಏಳುವ ಪ್ರಶ್ನೆ ಮಣ್ಣು ಹಾಕುವವರು ಯಾರು ಎಂಬುದು. ಲಿನಕ್ಸ್‌ನವರು ಕಾದಾಡಿದರೂ ಆ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಕೊಟ್ಟರು. ಕನ್ನಡದಲ್ಲಿ ಪರಿವರ್ತಕಗಳಿಗೆ ಕೊರತೆಯಿಲ್ಲ. ನುಡಿಯೊಳಗೇ ಒಂದಿದೆ, ಸ್ವಯಂಸೇವಕರು ಬರೆದವೂ ಇವೆ. ಆದರೆ ಪರಿವರ್ತಿಸಿದ ಮೇಲೆ ತಪ್ಪಿದ ಒತ್ತು, ಜಾರಿದ ಅರ್ಕಾವತ್ತುಗಳನ್ನು ಸಾಲುಸಾಲಾಗಿ ತಿದ್ದುವ ಕೆಲಸ ಬೆರಳಚ್ಚಿನವರ ಪಾಲಿಗೇ ಬಿತ್ತು. ಅದಕ್ಕೆ ಬೇರೆ ಕೂಲಿ ಗೊತ್ತುಮಾಡಿದವರಿಲ್ಲ. ಅವರು ಹಳೆಯ ಸಂಕೇತದಲ್ಲೇ ಉಳಿದದ್ದನ್ನು ಹಿಂಜರಿಕೆ ಎನ್ನುವುದು ಅನ್ಯಾಯ.

ಕಲಘಟಗಿಯಿಂದ ಅಣ್ಣಿಗೇರಿಯವರೆಗೆ ಹಳೆಯ ಗಣಕಗಳಲ್ಲಿ ಊರಿನ ಸ್ಮರಣಸಂಚಿಕೆ, ಸಂಘದ ವರದಿ, ಜಾತ್ರೆಯ ಕರಪತ್ರಗಳು ಇನ್ನೂ ಉಳಿದಿರಬಹುದು. ಅವು ನಿಮ್ಮಲ್ಲಿದ್ದರೆ ಅಳಿಸಬೇಡಿ. ಬಳಸಿದ ಅಕ್ಷರಮಾದರಿಯ ಕಡತವನ್ನೂ ಒಂದು ಮುದ್ರಿತ ಪ್ರತಿಯನ್ನೂ ಜೊತೆಗಿಡಿ. ಪರಿವರ್ತನೆ ಸರಿಯಾಯಿತೇ ಎಂದು ಮುಂದೆ ತಾಳೆ ನೋಡಲು ಅವೇ ಬೇಕಾಗುತ್ತವೆ.