ಮಳೆಗಾಲದ ಹೆರಿಗೆ: ಆಂಬುಲೆನ್ಸ್ ತಡವಾದರೆ ಮನೆಯಲ್ಲಿ ಏನೇನು ಸಿದ್ಧ ಇರಬೇಕು?

2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಅಂಕೋಲಾ-ಹುಬ್ಬಳ್ಳಿ ಹೆದ್ದಾರಿ ಬಂದ್ ಆಗಿತ್ತು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಕರಾವಳಿ ಹೆದ್ದಾರಿಯೇ ದಿನಗಟ್ಟಲೆ ನಿಂತುಹೋಯಿತು. ಹೆದ್ದಾರಿಗೇ ಈ ಗತಿ ಅಂದ್ಮೇಲೆ ಜೊಯಿಡಾ, ಯಲ್ಲಾಪುರ, ಸಿದ್ದಾಪುರದ ಒಳಹಳ್ಳಿಗಳ ಮಣ್ಣು ರಸ್ತೆ ಬಗ್ಗೆ ಹೇಳೋದೇ ಬೇಡ. ಹೆರಿಗೆ ನೋವು ರಸ್ತೆ ಸರಿಯಾಗೋವರೆಗೆ ಕಾಯುವುದಿಲ್ಲ.

ಮೊದಲೇ ಸ್ಪಷ್ಟ ಮಾಡುತ್ತೇವೆ: ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಕೆಳಗಿನ ಪಟ್ಟಿ ಮನೆಯಲ್ಲೇ ಹೆರಿಗೆ ಮಾಡಿಸೋದಕ್ಕಲ್ಲ. ವಾಹನ ಬರುವಷ್ಟರಲ್ಲೇ ಮಗು ಬಂದುಬಿಟ್ಟರೆ ತಾಯಿ-ಮಗುವಿಗೆ ನಂಜು, ಚಳಿ ತಗಲದಂತೆ ನೋಡಿಕೊಳ್ಳೋದಕ್ಕೆ.

ಇವರು ಮನೆಯಲ್ಲಿ ಕಾಯಲೇಬಾರದು

ಹಿಂದಿನ ಹೆರಿಗೆ ಸಿಸೇರಿಯನ್ ಆದವರು, ಅವಳಿ ಇರುವವರು, ಮಗು ಅಡ್ಡ ಅಥವಾ ತಲೆಕೆಳಗಾಗದೆ ಇರುವವರು, ಬಿಪಿ ಇರುವವರು, ಹಿಮೋಗ್ಲೋಬಿನ್ ತೀರಾ ಕಡಿಮೆ ಇರುವವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು. ಇಂಥವರು ದಿನ ತುಂಬುವ ಮೊದಲೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಹೋಗಿರುವುದು ಒಳ್ಳೇದು. ಯಾವಾಗ ಹೋಗಬೇಕು ಅಂತ ಡಾಕ್ಟರನ್ನು ಕೇಳಿ.

ಚೀಲದಲ್ಲಿ ಏನಿರಬೇಕು?

ಎಂಟನೇ ತಿಂಗಳಲ್ಲೇ ಕಟ್ಟಿಡಿ. ಎಲ್ಲವೂ ತಾಲೂಕು ಪೇಟೆಯ ಮೆಡಿಕಲ್ ಮತ್ತು ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ.

1. ಹೊಸ ಸಾಬೂನು, ನೇಲ್ ಕಟರ್.
2. ಹಾಸಲು ದೊಡ್ಡ ಪ್ಲಾಸ್ಟಿಕ್ ಹಾಳೆ ಅಥವಾ ರೆಕ್ಸಿನ್.
3. ಸೀಲ್ ಇರುವ ಸ್ಟೆರೈಲ್ ಗ್ಲೌಸ್, ಎರಡು ಜೊತೆ.
4. ಕಾಗದ ಬಿಚ್ಚದ ಹೊಸ ಬ್ಲೇಡ್ ಎರಡು. ಮನೆಯ ಕತ್ತಿ, ಕತ್ತರಿ ಬೇಡವೇ ಬೇಡ.
5. ಹೊಕ್ಕುಳಬಳ್ಳಿಗೆ ಹಾಕುವ ಕ್ಲಾಂಪ್ ಎರಡು. ಸಿಗದಿದ್ದರೆ ಗಟ್ಟಿ ಹತ್ತಿ ದಾರ. ಉಪಯೋಗಿಸುವ ಮೊದಲು 20 ನಿಮಿಷ ಕುದಿಸಬೇಕು.
6. ಮೆತ್ತನೆ ಹತ್ತಿ ಬಟ್ಟೆ ಆರು, ಮಗುವಿಗೆ ಟೋಪಿ. ಸಾಬೂನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬಿಸಿಲೆಲ್ಲಿ ಅಂತೀರಾ? ಬಿಸಿ ಇಸ್ತ್ರಿ ಹಾಕಿ, ತೇವ ಪೂರ್ತಿ ಹೋಗಲಿ.
7. ದೊಡ್ಡ ಪ್ಯಾಡ್ ಎರಡು ಪ್ಯಾಕೆಟ್.
8. ಟಾರ್ಚ್, ಹೊಸ ಸೆಲ್. ಕರೆಂಟ್ ಇರುತ್ತೆ ಅಂತ ನಂಬಬೇಡಿ.
9. ಮಾಸು ಹಾಕಿಡಲು ಗಟ್ಟಿ ಪ್ಲಾಸ್ಟಿಕ್ ಚೀಲ.
10. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಪ್ರತಿ, ನೀರು ತಾಗದ ಕವರ್‌ನಲ್ಲಿ.

ಮೊಬೈಲ್ ನೆಟ್‌ವರ್ಕ್ ಮನೆಯಿಂದ ಎಷ್ಟು ದೂರದಲ್ಲಿ ಸಿಗುತ್ತೆ, ಅಲ್ಲಿಗೆ ಯಾರು ಓಡಬೇಕು, ಮುಖ್ಯ ರಸ್ತೆವರೆಗೆ ಯಾರ ಜೀಪು - ಇದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ.

ಮಗು ಬಂದೇಬಿಟ್ಟರೆ

108ಕ್ಕೆ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಕಿಟಕಿ ಮುಚ್ಚಿ, ಕೋಣೆ ಬೆಚ್ಚಗಿರಲಿ. ಹಿಡಿಯುವವರು ಮೊಣಕೈವರೆಗೆ ಕೈ ತೊಳೀಬೇಕು. ಹೊಟ್ಟೆ ಅದುಮಬೇಡಿ, ಮಗುವನ್ನು ಎಳೀಬೇಡಿ, ಒಳಗೆ ಕೈ ಹಾಕಬೇಡಿ.

ಮಗು ಬಂದ ಕೂಡಲೇ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆ ಬಟ್ಟೆ ತೆಗೆದುಹಾಕಿ, ತಾಯಿಯ ಬರಿ ಎದೆ ಮೇಲೆ ಮಲಗಿಸಿ, ಇಬ್ಬರಿಗೂ ಹೊದಿಸಿ, ಟೋಪಿ ಹಾಕಿ. ಅಳದಿದ್ದರೆ ಬೆನ್ನು ಉಜ್ಜಿ. ತಲೆಕೆಳಗೆ ಹಿಡಿದು ಹೊಡೆಯಬಾರದು.

ಬಳ್ಳಿ ಕತ್ತರಿಸಲು ಅವಸರವಿಲ್ಲ. ಆಂಬುಲೆನ್ಸ್ ಹತ್ತಿರ ಬಂದಿದ್ದರೆ ಕತ್ತರಿಸದೇ ಬಿಡಿ, ಅವರೇ ಮಾಡ್ತಾರೆ. ಕತ್ತರಿಸಲೇಬೇಕಾದರೆ, ಬಡಿತ ನಿಂತ ಮೇಲೆ ಮಗುವಿನ ಹೊಟ್ಟೆಯಿಂದ ಎರಡು ಬೆರಳು ಬಿಟ್ಟು ಒಂದು ಗಂಟು, ಐದು ಬೆರಳು ಬಿಟ್ಟು ಇನ್ನೊಂದು ಗಂಟು ಬಿಗಿಯಾಗಿ ಕಟ್ಟಿ, ನಡುವೆ ಹೊಸ ಬ್ಲೇಡಿನಿಂದ ಕತ್ತರಿಸಿ. ಅದರ ಮೇಲೆ ಅರಿಶಿನ, ಬೂದಿ, ಎಣ್ಣೆ, ಸಗಣಿ ಏನನ್ನೂ ಹಚ್ಚಬೇಡಿ. ಹಿಂದೆ ಎಷ್ಟೋ ಎಳೆ ಮಕ್ಕಳನ್ನು ಕೊಂದ ಧನುರ್ವಾಯು ಒಳಹೊಕ್ಕಿದ್ದು ಇದೇ ದಾರಿಯಿಂದ. ಗರ್ಭಿಣಿಯರಿಗೆ ಲಸಿಕೆ ಮತ್ತು ಸ್ವಚ್ಛ ಹೆರಿಗೆಯಿಂದಲೇ 2015ರಲ್ಲಿ ಭಾರತ ಆ ಪಿಡುಗಿನಿಂದ ಹೊರಬಂದಿದ್ದು.

ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಮೊದಲ ಹಳದಿ ಹಾಲನ್ನು ಚೆಲ್ಲಬೇಡಿ. ಜೇನುತುಪ್ಪ, ಸಕ್ಕರೆ ನೀರು ಬೇಡ. 24 ಗಂಟೆ ಮಗುವಿಗೆ ಸ್ನಾನ ಬೇಡ.

ಮಾಸು ತಾನಾಗೇ ಬರುತ್ತೆ. ಬಳ್ಳಿ ಹಿಡಿದು ಎಳೀಬೇಡಿ. ಬಂದ ಮಾಸನ್ನು ಚೀಲದಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯಿರಿ, ಪೂರ್ತಿ ಬಂದಿದೆಯಾ ಅಂತ ಅಲ್ಲಿ ನೋಡಬೇಕು.

ಹೀಗಾದರೆ ಒಂದು ನಿಮಿಷವೂ ತಡ ಬೇಡ

ಐದೇ ನಿಮಿಷಕ್ಕೆ ಪ್ಯಾಡ್ ನೆನೆದುಹೋಗುವಷ್ಟು ರಕ್ತಸ್ರಾವ, ಫಿಟ್ಸ್, ಜೋರು ತಲೆನೋವು ಜೊತೆ ಕಣ್ಣು ಮಂಜು, ಅರ್ಧ ಗಂಟೆಯಾದರೂ ಮಾಸು ಬಾರದಿರುವುದು, ಮಗು ಉಸಿರಾಡದಿರುವುದು ಅಥವಾ ಹಾಲು ಕುಡಿಯದಿರುವುದು. ಸಿಕ್ಕ ವಾಹನದಲ್ಲಿ ಹೊರಡಿ. ಮಾಸು ಬಂದ ಮೇಲೂ ರಕ್ತ ನಿಲ್ಲದಿದ್ದರೆ ಹೊಕ್ಕುಳ ಕೆಳಗೆ ಗರ್ಭಕೋಶವನ್ನು ಗಟ್ಟಿಯಾಗುವವರೆಗೆ ಉಜ್ಜುತ್ತಾ, ಮಗುವಿಗೆ ಹಾಲು ಕುಡಿಸುತ್ತಾ ಸಾಗಿ.

ಅಂಗಡಿಯವರ ಗಮನಕ್ಕೆ

ಮಳೆಗಾಲದಲ್ಲಿ ಬ್ಲೇಡ್ ತುಕ್ಕು ಹಿಡಿಯುತ್ತೆ, ಗ್ಲೌಸ್ ಅವಧಿ ಮುಗಿದಿರುತ್ತೆ. ಕೊಡುವ ಮುನ್ನ ಒಮ್ಮೆ ನೋಡಿ. ಮೆಡಿಕಲ್‌ನವರು ಒಂದಿಷ್ಟು ಕ್ಲಾಂಪ್ ತರಿಸಿಡಿ. ನೋವು ಬರಿಸುವ ಇಂಜೆಕ್ಷನ್ ಕೇಳಿದರೆ ಮಾತ್ರ ಕೊಡಲೇಬೇಡಿ. ಮನೆಯಲ್ಲಿ ಅದನ್ನು ಚುಚ್ಚಿದರೆ ಗರ್ಭಕೋಶ ಒಡೆಯಬಹುದು, ಮಗುವಿಗೆ ಉಸಿರು ಕಟ್ಟಬಹುದು.

ಹೆರಿಗೆ ಮನೆಯಲ್ಲಾದರೂ ಆಸ್ಪತ್ರೆ ತಪ್ಪಬಾರದು

ಇಬ್ಬರನ್ನೂ ಅದೇ ದಿನ ತೋರಿಸಿ. ಹೆಪಟೈಟಿಸ್-ಬಿ ಲಸಿಕೆಯ ಮೊದಲ ಡೋಸ್ 24 ಗಂಟೆಯೊಳಗೆ ಆಗಬೇಕು, ಜೊತೆಗೆ ಬಿಸಿಜಿ, ಪೋಲಿಯೋ ಹನಿ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲ ಉಚಿತ. ಯಾರಾದರೂ ದುಡ್ಡು ಕೇಳಿದರೆ ಇದನ್ನು ಹೇಳಿ. ಮನೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 1, 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ಬರದಿದ್ದರೆ ನೀವೇ ಕರೆಯಿರಿ.

ಇನ್ನೊಂದು ಮರೆಯುವ ಕೆಲಸ ಜನನ ನೋಂದಣಿ. ಮನೆಯಲ್ಲಿ ಹುಟ್ಟಿದ ಮಗುವಿನ ಮಾಹಿತಿ ಕೊಡುವ ಜವಾಬ್ದಾರಿ ಮನೆಯ ಯಜಮಾನರದ್ದು. 21 ದಿನದೊಳಗೆ ಮಾಡಿಸಿ. ತಡವಾದರೆ ಶುಲ್ಕ, ಓಡಾಟ ಎರಡೂ ಜಾಸ್ತಿ. ಎಲ್ಲಿ ಮಾಡಿಸೋದು ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಹೇಳ್ತಾರೆ.