ಕೇಳಿಸಿಕೊಳ್ಳುವುದಕ್ಕೆ ಎಷ್ಟು ಅಂಕ?

1876ರಲ್ಲಿ ಕೆನಡಾದ ಸಂಸತ್ತು ಅಂಗೀಕರಿಸಿದ ಇಂಡಿಯನ್ ಕಾಯಿದೆಯಲ್ಲಿ ವಿದ್ಯೆಯ ಚರಿತ್ರೆಯನ್ನು ಓದುವವರು ಮರೆಯಬಾರದ ಒಂದು ಕಲಮಿತ್ತು. ಮೂಲನಿವಾಸಿಯೊಬ್ಬ ವೈದ್ಯನಾದರೆ, ವಕೀಲನಾದರೆ, ಪಾದ್ರಿಯಾದರೆ ಅಥವಾ ವಿಶ್ವವಿದ್ಯಾಲಯದ ಯಾವುದೇ ಪದವಿಯನ್ನು ಪಡೆದರೆ, ಅಂದಿನಿಂದ ಅವನು ಕಾನೂನಿನ ಕಣ್ಣಿನಲ್ಲಿ 'ಇಂಡಿಯನ್' ಆಗಿ ಉಳಿಯುತ್ತಿರಲಿಲ್ಲ. ಅದಕ್ಕೆ ಅವನ ಅರ್ಜಿಯಾಗಲಿ ಒಪ್ಪಿಗೆಯಾಗಲಿ ಬೇಕಿರಲಿಲ್ಲ. ಪದವಿ ಕೈಸೇರಿದೊಡನೆ ಕುಲದ ಹಕ್ಕು ಕೈತಪ್ಪುತ್ತಿತ್ತು. 1880ರಲ್ಲಿ ಈ ಕಡ್ಡಾಯವನ್ನು ಸಡಿಲಿಸಿ, ಬಯಸಿ ಕೇಳಿದವರಿಗೆ ಮಾತ್ರ ಅನ್ವಯವಾಗುವಂತೆ ಮಾಡಿದರು. ಆದರೆ ಓದಿದವನು ತನ್ನ ಜನರನ್ನು ಬಿಟ್ಟು ಬರಬೇಕೆಂಬ ನಂಬಿಕೆ ಕಾಯಿದೆಯ ಆ ಸಾಲಿಗಿಂತ ಬಹುಕಾಲ ಬಾಳಿತು.

ಇಂದಿನ ಕೆನಡಾದ ಮೂಲನಿವಾಸಿ ಅಧ್ಯಯನ ತರಗತಿಗಳ ನಿಯಮಗಳನ್ನು ಈ ಕಲಮಿನ ಪಕ್ಕದಲ್ಲಿಟ್ಟು ಓದಬೇಕೆಂದು ನಮಗೆ ತೋರುತ್ತದೆ. ಅಧ್ಯಾಪಕರು ಮೊದಲ ದಿನವೇ ವಿದ್ಯಾರ್ಥಿಯಿಂದ ಏನನ್ನು ನಿರೀಕ್ಷಿಸುತ್ತೇವೆ, ಅಂಕಗಳನ್ನು ಹೇಗೆ ಹಂಚುತ್ತೇವೆ ಎಂಬ ಪತ್ರವನ್ನು ಕೊಡುವುದು ಅಲ್ಲಿಯ ಎಲ್ಲ ವಿಭಾಗಗಳ ರೂಢಿ. ಮೂಲನಿವಾಸಿ ಅಧ್ಯಯನದಲ್ಲಿ ಆ ಹಂಚಿಕೆ ಹಲವೆಡೆ ಬೇರೆಯಾಗಿರುತ್ತದೆ. ಲಿಖಿತ ಪರೀಕ್ಷೆಯ ಜೊತೆಗೆ ಹಾಜರಿಗೆ, ವೃತ್ತಾಕಾರವಾಗಿ ಕುಳಿತು ಸರದಿಯಂತೆ ಆಡುವ ಮಾತಿಗೆ, ಹಿರಿಯರ ಉಪನ್ಯಾಸವನ್ನು ಕುರಿತ ದಿನಚರಿಗೆ, ಮೌಖಿಕ ನಿರೂಪಣೆಗೆ ಅಂಕಗಳಿರುತ್ತವೆ. ಹೊರಗಿನಿಂದ ನೋಡುವವರಿಗೆ ಇದು ರಿಯಾಯಿತಿಯಂತೆ ಕಾಣಬಹುದು. ಆದರೆ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಕೆನಡಾದ ವಸತಿ ಶಾಲೆಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಸೇರಿಸಲಾಗಿತ್ತೆಂದು ಸತ್ಯ ಮತ್ತು ಸಂಧಾನ ಆಯೋಗ ಅಂದಾಜಿಸಿದೆ. 1920ರ ತಿದ್ದುಪಡಿ 7ರಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಯನ್ನು ಕಡ್ಡಾಯಗೊಳಿಸಿತು. ತಾಯಿನುಡಿ ಆಡಿದ ಮಗುವಿಗೆ ಶಿಕ್ಷೆಯಾಗುತ್ತಿತ್ತು. ಅಲ್ಲಿ ಹಾಜರಿಯೆಂದರೆ ಮನೆಯಿಂದ ದೂರವಿರುವುದು, ಒಳ್ಳೆಯ ವಿದ್ಯಾರ್ಥಿಯೆಂದರೆ ಮರೆಯಬಲ್ಲವನು. 1966ರ ಅಕ್ಟೋಬರಿನಲ್ಲಿ ಕೆನೋರಾದ ಶಾಲೆಯಿಂದ ತಪ್ಪಿಸಿಕೊಂಡ ಚೇನಿ ವೆಂಜ್ಯಾಕ್ ಎಂಬ 12 ವರ್ಷದ ಒಜಿಬ್ವೆ ಬಾಲಕ, ಸುಮಾರು 600 ಕಿಲೋಮೀಟರ್ ದೂರದ ಮನೆಗೆ ರೈಲುಹಳಿಯ ಗುಂಟ ನಡೆದು ಹೊರಟು, ದಾರಿಯಲ್ಲೇ ಚಳಿಗೆ ಸಿಕ್ಕಿ ಸತ್ತ.

ಇದಾದ ಮೂರು ವರ್ಷಕ್ಕೆ, 1969ರಲ್ಲಿ, ಮೂಲನಿವಾಸಿಗಳ ಪ್ರತ್ಯೇಕ ಕಾನೂನು ಸ್ಥಾನವನ್ನೇ ತೆಗೆದುಹಾಕುವ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತು. ದೇಶದುದ್ದಕ್ಕೂ ಪ್ರತಿಭಟನೆ ಎದ್ದಿತು. ಅದೇ ವರ್ಷ ಒಂಟಾರಿಯೊದ ಟ್ರೆಂಟ್ ವಿಶ್ವವಿದ್ಯಾಲಯದಲ್ಲಿ ಈ ಅಧ್ಯಯನದ ವಿಭಾಗ ಆರಂಭವಾಯಿತು. ಕೆನಡಾದಲ್ಲಿ ಇಂಥದು ಅದೇ ಮೊದಲು. ಕಯೂಗಾ ಕುಲದ ಮುಖ್ಯಸ್ಥರೂ ಹೌಡೆನೊಸಾನಿ ಸಂಪ್ರದಾಯದ ಮಹಾ ಕಥನಕಾರರೂ ಆಗಿದ್ದ ಜೇಕಬ್ ಥಾಮಸ್ ಅಲ್ಲಿ ಹಲವು ವರ್ಷ ಕಲಿಸಿದರು. ಅವರ ಪಾಂಡಿತ್ಯ ನೆನಪಿನಲ್ಲಿತ್ತು, ನಾಲಗೆಯಲ್ಲಿತ್ತು. ಇಂಥವರಿಂದ ಕಲಿತ ವಿದ್ಯಾರ್ಥಿಯನ್ನು ಮೂರು ಗಂಟೆಯ ಉತ್ತರಪತ್ರಿಕೆಯಿಂದಷ್ಟೇ ಅಳೆಯುವುದು ಹೇಗೆ? ಇಂದು ಟ್ರೆಂಟ್‌ನ ಆ ಅಧ್ಯಯನ ಶಾಲೆಗೆ ಚೇನಿ ವೆಂಜ್ಯಾಕ್‌ನ ಹೆಸರಿದೆ. ಶಾಲೆಯಿಂದ ಓಡಿಹೋದ ಹುಡುಗನ ಹೆಸರಿನಲ್ಲಿ ಅಂಕ ಕೊಡುವವರು ಅಂಕದ ಅರ್ಥವನ್ನು ಮತ್ತೆ ಯೋಚಿಸದೆ ಇರಲಾರರು.

ಕೇಳಿಸಿಕೊಳ್ಳುವುದೂ ಒಂದು ವಿದ್ಯೆ ಎಂಬುದಕ್ಕೆ ನ್ಯಾಯಾಲಯದ ಚರಿತ್ರೆಯೇ ಸಾಕ್ಷಿ. ಬ್ರಿಟಿಷ್ ಕೊಲಂಬಿಯದ ಗಿಟ್ಕ್ಸನ್ ಮತ್ತು ವೆಟ್ಸುವೆಟೆನ್ ಜನರು ತಮ್ಮ ನೆಲದ ಹಕ್ಕಿಗಾಗಿ ಹೂಡಿದ ಡೆಲ್ಗಮೂಕ್ ಮೊಕದ್ದಮೆಯ ವಿಚಾರಣೆ 1987ರಲ್ಲಿ ಆರಂಭವಾಯಿತು. ಮೇರಿ ಜಾನ್ಸನ್ ಎಂಬ ಹಿರಿಯರು ತಮ್ಮ ಮನೆತನದ ಹಾಡನ್ನು ಸಾಕ್ಷ್ಯವಾಗಿ ಹಾಡಹೊರಟಾಗ, ನ್ಯಾಯಾಧೀಶ ಅಲನ್ ಮ್ಯಾಕೀಚರ್ನ್, ತಮಗೆ ಸಂಗೀತದ ಕಿವಿಯಿಲ್ಲ, ಹಾಡಿ ಪ್ರಯೋಜನವಿಲ್ಲವೆಂಬರ್ಥದ ಮಾತನಾಡಿದರು. 1991ರ ತೀರ್ಪು ಆ ಜನರಿಗೆ ವಿರುದ್ಧವಾಯಿತು. 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿ, ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಗೆ ಸಮನಾಗಿ ತೂಗಬೇಕೆಂದಿತು. ಹತ್ತು ವರ್ಷಗಳ ಈ ಅಂತರದಲ್ಲಿ ಬದಲಾದದ್ದು ಹಾಡಲ್ಲ, ಕೇಳುವ ಕಿವಿ.

ಪ್ರಬಂಧದ ಅಡಿಟಿಪ್ಪಣಿಯಲ್ಲಿಯೂ ಇದೇ ಪ್ರಶ್ನೆಯಿದೆ. ಸಮಾಜಶಾಸ್ತ್ರಗಳಲ್ಲಿ ಬಳಕೆಯಲ್ಲಿರುವ ಎಪಿಎ ಶೈಲಿಯಲ್ಲಿ ಹಿರಿಯರೊಬ್ಬರು ಎದುರು ಕುಳಿತು ಹೇಳಿದ್ದು ಬಹುಕಾಲ 'ವೈಯಕ್ತಿಕ ಸಂವಹನ'ವಾಗಿತ್ತು. ಸ್ನೇಹಿತನ ಪತ್ರಕ್ಕೂ ಅದಕ್ಕೂ ಒಂದೇ ದರ್ಜೆ. ಗ್ರಂಥಋಣದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕ್ರೀ ಸಮುದಾಯದ ಗ್ರಂಥಪಾಲಕಿ ಲೊರಿಸಿಯಾ ಮ್ಯಾಕ್ಲೌಡ್ ಹಿರಿಯರ ಹೆಸರು, ಅವರ ಕುಲ, ನೆಲೆ ಎಲ್ಲವನ್ನೂ ಗ್ರಂಥಕರ್ತನ ಸಾಲಿನಲ್ಲೇ ನಮೂದಿಸುವ ಮಾದರಿಗಳನ್ನು ರೂಪಿಸಿ 2021ರಲ್ಲಿ ವಿವರಿಸಿದರು. ಇಂಥ ಮಾದರಿಯನ್ನು ಪಾಲಿಸೆಂದು ವಿದ್ಯಾರ್ಥಿಗೆ ಹೇಳುವಾಗ ಅಧ್ಯಾಪಕರು ಜ್ಞಾನ ಯಾರದೆಂಬ ಪ್ರಶ್ನೆಗೂ ಉತ್ತರ ಕೊಡುತ್ತಿರುತ್ತಾರೆ.

ಆಕ್ಷೇಪಗಳೂ ಹುರುಳಿಲ್ಲದವಲ್ಲ. 2016ರಿಂದ ವಿನಿಪೆಗ್ ಮತ್ತು ಲೇಕ್‌ಹೆಡ್ ವಿಶ್ವವಿದ್ಯಾಲಯಗಳು ಮೂಲನಿವಾಸಿ ವಿಷಯದ ಒಂದು ಪಠ್ಯವನ್ನು ಪದವಿ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿದವು. ಆಸಕ್ತಿಯಿಂದಲ್ಲ, ಅನಿವಾರ್ಯದಿಂದ ಬಂದ ವಿದ್ಯಾರ್ಥಿಯ ಗೌರವಕ್ಕೆ ಅಂಕ ಕೊಡುವುದು ಹೇಗೆ? ಅಂಕಕ್ಕಾಗಿ ತೋರಿದ ವಿನಯ ವಿನಯವೇ? ಮನಸ್ಸನ್ನು ಅಳೆಯಹೊರಟ ಪರೀಕ್ಷೆ ಹಳೆಯ ವಸತಿ ಶಾಲೆಯ ದಾರಿಯನ್ನೇ ಇನ್ನೊಂದು ದಿಕ್ಕಿನಿಂದ ಹಿಡಿದಂತಾಗುವ ಅಪಾಯವಿದೆ. ಆದ್ದರಿಂದ ಅಂಕ ನಿಲ್ಲಬೇಕಾದದ್ದು ಭಾವದ ಮೇಲಲ್ಲ, ನಡೆಯ ಮೇಲೆ ಎಂಬುದು ನಮ್ಮ ಅಭಿಪ್ರಾಯ: ವಿದ್ಯಾರ್ಥಿ ಬಂದನೇ, ಕೇಳಿದನೇ, ಕೇಳಿದ್ದನ್ನು ತಿರುಚದೆ ಹೇಳಬಲ್ಲನೇ, ಹೇಳಿದವರನ್ನು ಹೆಸರಿಸಿದನೇ, ಬರೆಯಬೇಡಿ ಎಂದದ್ದನ್ನು ಬರೆಯದೆ ಬಿಟ್ಟನೇ. ಇವನ್ನು ಪರೀಕ್ಷಿಸಬಹುದು, ಇವು ಸುಲಭವೂ ಅಲ್ಲ.

ಕನ್ನಡದ ಜಾನಪದ ಸಂಗ್ರಹಗಳನ್ನು ಓದಿದವರಿಗೆ 'ವಕ್ತೃ' ಎಂಬ ಮಾತು ಹೊಸದಲ್ಲ. ಹಾಡಿದವರ ಹೆಸರು, ಊರು, ವಯಸ್ಸನ್ನು ಪುಸ್ತಕದ ಕೊನೆಯಲ್ಲಿ ಕೊಡುವ ಪದ್ಧತಿ ನಮ್ಮಲ್ಲಿದೆ. ಮುಖಪುಟ ಮಾತ್ರ ಸಾಮಾನ್ಯವಾಗಿ ಸಂಪಾದಕರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಕೆನಡಾದ ನಿಯಮಗಳನ್ನು ಅಲ್ಲಿಗೆ ಹಾಗೆಯೇ ತರಬೇಕೆಂದು ನಾವು ಹೇಳುವುದಿಲ್ಲ. ವಕ್ತೃವಿನ ಹೆಸರು ಯಾವ ಪುಟದಲ್ಲಿರಬೇಕು, ಅವರ ಮಾತನ್ನು ಕೇಳಿ ಕಲಿತವನಿಗೆ ಎಷ್ಟು ಅಂಕ ಎಂಬ ಪ್ರಶ್ನೆಗಳು ಮಾತ್ರ ನಮ್ಮವೂ ಹೌದು.