ಹಳೇ ಪ್ಲೇಟು, ಎಳೇ ದನಿ: ಗಾಂಧಾರಿಯನ್ನ ಕೆಡಿಸಬ್ಯಾಡ್ರಿ

ದೋಸ್ತ್ರ, ನಮ್ಮ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರ ಪದ ನಿಮಗೆಲ್ಲ ಬಾಯಿಪಾಠ. ಆದ್ರ ಅವರ ದನಿ ಹೆಂಗಿತ್ತು? ಯಾರಿಗೂ ಗೊತ್ತಿಲ್ಲ. ಅವರು ತೀರಿಕೊಂಡದ್ದು 1889ರಲ್ಲಿ. ಗ್ರಾಮೊಫೋನ್ ಕಂಪನಿ ಭಾರತದಲ್ಲಿ ಹಾಡು ಮುದ್ರಿಸಲು ಶುರು ಮಾಡಿದ್ದು 1902ರಲ್ಲಿ, ಕಲ್ಕತ್ತದಲ್ಲಿ. ಬರೇ 13 ವರ್ಷದಾಗ ತಪ್ಪಿಹೋಯ್ತು.

ಪಕ್ಕದ ಹಾನಗಲ್ಲಿನ ಅದೃಷ್ಟ ಬ್ಯಾರೆ. ಆ ಊರನ್ನ ತಮ್ಮ ಹೆಸರಿನಾಗ ಇಟ್ಕೊಂಡ ಗಂಗೂಬಾಯಿ (1913–2009) 1930ರ ದಶಕದಲ್ಲೇ ಎಚ್‌ಎಂವಿಗೆ ಹಾಡಿದ್ರು. ಆಗಿನ ಪ್ಲೇಟಿನ ಮ್ಯಾಲೆ ಹೆಸರು ‘ಗಾಂಧಾರಿ’. ದನಿ ಸಣ್ಣದು, ಮೇಲಿನ ಶ್ರುತಿಯದು. ಮುಂದೆ ಗಂಟಲಿನ ಚಿಕಿತ್ಸೆ ಆದ ಮೇಲೆ ದನಿ ದಪ್ಪ ಆಯ್ತು. ನಾವು ‘ಗಂಗೂಬಾಯಿ’ ಅಂತ ಗುರುತಿಸೋದು ಆ ಗಂಭೀರ ದನಿಯನ್ನೇ. ಎಳೇ ದನಿಗೆ ಉಳಿದ ಸಾಕ್ಷಿ ಆ ಪ್ಲೇಟುಗಳು.

ಅವು ವಿನೈಲ್ ಅಲ್ಲ, ಅರಗಿನ ಪ್ಲೇಟು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಸುಮಾರು 3 ನಿಮಿಷ. ಈಗಿನ ಬಹಳಷ್ಟು ಪ್ಲೇಯರ್‌ನಾಗ ಇರೋದು 33 ಮತ್ತು 45 ಅಷ್ಟ. 78ರ ಪ್ಲೇಟನ್ನ 45ರಲ್ಲಿ ಓಡಿಸಿ ಹಂಗೇ ಬಿಟ್ರ ಏನಾಗತೈತಿ? ಸಣ್ಣ ದನಿ ದಪ್ಪ ಆಗತೈತಿ! ಬ್ಯಾರೆಯವರದಾದ್ರ ನಗತೀವಿ. ಗಂಗೂಬಾಯಿಯದಾದ್ರ “ಹೌದು, ಅವರ ದನೀನೇ” ಅಂತ ನಂಬಿಬಿಡತೀವಿ. ಅಪಾಯ ಇರೋದೇ ಅಲ್ಲಿ.

ಅದಕ್ಕ ಸಾಫ್ಟ್‌ವೇರ್ ಆರಿಸೋವಾಗ ನನ್ನ ಓಟು ಆಡಾಸಿಟಿಗೆ. 2000ದಲ್ಲಿ ಬಂದದ್ದು, ಪುಕ್ಕಟೆ, ಯಾರು ಬೇಕಾದ್ರೂ ಅದರ ಕೋಡ್ ನೋಡಬಹುದು. ಅದರಾಗ ವೇಗ ಬದಲಿಸೋ ಕಡೆ 33⅓, 45, 78 ಅಂತ ಪ್ಲೇಟಿನ ಲೆಕ್ಕಾನೇ ಕೊಟ್ಟಾರ. 45ರಲ್ಲಿ ಮುದ್ರಿಸಿ 78ಕ್ಕೆ ಏರಿಸಿದ್ರ ವೇಗ, ಶ್ರುತಿ ಎರಡೂ ವಾಪಸ್. ಅಡೋಬಿ ಆಡಿಷನ್‌ಗೆ ಚಂದಾ ಕಟ್ಟಬೇಕು. ಐಜೋಟೋಪ್ ಆರ್‌ಎಕ್ಸ್ ಟಿಕ್‌ಟಿಕ್ ತೆಗೆಯೋದ್ರಾಗ ಭಾರಿ ಜಾಣ, ಖರೆ, ಆದ್ರ ನಮ್ಮ ಪಾಕೆಟ್ ಮನಿಗೆ ಭಾರ.

ಯಾವುದೇ ಇರ್ಲಿ, ಮೂರು ಮಾತು ನೆನಪಿಡ್ರಿ. 78ಕ್ಕೆ ಅದರದೇ ಅಗಲ ಮುಳ್ಳು ಹಾಕ್ರಿ. ಎಲ್‌ಪಿಯ ಸಣ್ಣ ಮುಳ್ಳು ಗೆರೆಯ ತಳದಾಗ ಅಲ್ಲಾಡತೈತಿ. ಮೊದಲ ಪ್ರತಿಯನ್ನ 24 ಬಿಟ್ ವೇವ್ ಫೈಲ್ ಆಗಿ ಉಳಿಸಿ, ಅದನ್ನ ಮುಟ್ಟಬ್ಯಾಡ್ರಿ. ತಿದ್ದೋದೆಲ್ಲ ಎರಡನೇ ಪ್ರತಿಯಾಗ. ಗದ್ದಲ ತೆಗೆಯೋ ಬಟನ್ ಜಾಸ್ತಿ ಒತ್ತಬ್ಯಾಡ್ರಿ. ಸರಸರ ಸದ್ದಿನ ಜೊತೆ ತಂಬೂರಿಯ ಝೇಂಕಾರಾನೂ ಹೋಗತೈತಿ, ದನಿ ನೀರೊಳಗ ಮುಳುಗಿದಂಗ ಕೇಳತೈತಿ.

ನಾವು ಬಿಕಾಂನವರು. ಹಳೇ ಲೆಕ್ಕದ ಪುಸ್ತಕದಾಗ ತಪ್ಪಿದ್ರೂ ಅಳಿಸೋ ಹಂಗಿಲ್ಲ, ಪಕ್ಕದಾಗ ತಿದ್ದುಪಡಿ ಬರೀಬೇಕು ಅಂತ ಕಲ್ತೀವಿ. ದನಿಗೂ ಅದೇ ನಿಯಮ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲೇ ಇರ್ರಿ, ಈ ಐತವಾರ ಅಟ್ಟ ಹತ್ತಿ ನೋಡ್ರಿ. ಪ್ಲೇಟು ಸಿಕ್ರ ಮೊದಲು ಅದರ ಮ್ಯಾಲಿನ ಹೆಸರು ಓದ್ರಿ. ಗುಜರಿಗೆ ಮಾತ್ರ ಹಾಕಬ್ಯಾಡ್ರಿ.

#ಹಳೇದನಿ #ಗಂಗೂಬಾಯಿಹಾನಗಲ್ #ನಮ್ಮಹಾವೇರಿ